ನಿಮ್ಮ ಆ್ಯಪ್‌ಗೂ ಸರ್ವರ್‌ಗೂ ಮಧ್ಯೆ ಕೂತಿರೋದು ಯಾರು?

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ರಾತ್ರಿ ನಿದ್ದೆ ಬರದೆ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಆದರೆ ನಾನು ಓದಿದ್ದು ಬಿಕಾಂ. ಹಾಗಾಗಿ ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ, ಭಯ ಬೇಡ.

ಒಂದು ಲೆಕ್ಕದ ಕಥೆಯಿಂದ ಶುರು ಮಾಡ್ತೀನಿ. ಪಾಡ್‌ಕಾಸ್ಟ್ ಶುರು ಮಾಡೋ ಮೊದಲು ನಾನು ಕೆಲವು ಅಂಗಡಿಗಳಿಗೆ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ಕೆಲಸ ಮಾಡಿಕೊಡ್ತಿದ್ದೆ. ಅದರಲ್ಲಿ ಒಂದು ದಿನಸಿ ಅಂಗಡಿ. ಅವರು ತಮ್ಮದೇ ಒಂದು ಚಿಕ್ಕ ಆ್ಯಪ್ ಮಾಡಿಸಿದ್ದರು. ದಿನಕ್ಕೆ ಮೂವತ್ತು ನಲವತ್ತು ಆರ್ಡರ್ ಬರ್ತಿತ್ತು. ಕೆಲವರು ಆನ್‌ಲೈನ್ ಪೇಮೆಂಟ್ ಮಾಡೋರು, ಕೆಲವರು ಡೆಲಿವರಿ ಹುಡುಗನ ಕೈಗೆ ದುಡ್ಡು ಕೊಡೋರು.

ಎರಡು ತಿಂಗಳ ಲೆಕ್ಕ ಹಾಕಿದಾಗ ಸುಮಾರು 23,000 ರೂಪಾಯಿ ಸಾಮಾನು ಹೊರಗೆ ಹೋಗಿದೆ, ದುಡ್ಡು ಬಂದಿಲ್ಲ. ಅಂಗಡಿಯವರಿಗೆ ಅನುಮಾನ ಬಂದಿದ್ದು ಯಾರ ಮೇಲೆ? ಡೆಲಿವರಿ ಹುಡುಗನ ಮೇಲೆ. ಇನ್ಯಾರ ಮೇಲೆ ಬರುತ್ತೆ ಹೇಳಿ. ಕ್ಯಾಶ್ ಮುಟ್ಟೋನು ಅವನೊಬ್ಬನೇ. ಆ ತಿಂಗಳ ಸಂಬಳ ತಡೆಹಿಡಿದರು. ಅವನು ನನ್ನ ಹತ್ರ ಬಂದು, ‘ಅಣ್ಣಾ, ಲೆಕ್ಕ ನೀವೇ ನೋಡೋದಲ್ವಾ? ಒಂದ್ಸಲ ಸರಿಯಾಗಿ ನೋಡಿ ಅಣ್ಣಾ’ ಅಂದ. ಅಷ್ಟೇ ಅಂದಿದ್ದು.

ಕೂತು ನೋಡಿದೆ. ಕ್ಯಾಶ್ ಆರ್ಡರ್ ಎಲ್ಲ ಪೈಸೆ ಸಮೇತ ಸರಿ ಇತ್ತು. ತಪ್ಪಿದ್ದದ್ದು ಆನ್‌ಲೈನ್ ಆರ್ಡರ್‌ಗಳಲ್ಲಿ. ಒಂದು ಆರ್ಡರ್‌ನಲ್ಲಿ ಅಕ್ಕಿ, ಎಣ್ಣೆ, ತೊಗರಿಬೇಳೆ ಎಲ್ಲ ಸೇರಿ 1,840 ರೂಪಾಯಿ ಆಗಬೇಕು. ಆ್ಯಪ್‌ನ ದಾಖಲೆಯಲ್ಲಿ ಒಟ್ಟು ಮೊತ್ತ ಅಂತ ಇದ್ದದ್ದು 18 ರೂಪಾಯಿ. ಬ್ಯಾಂಕಿಗೆ ಬಂದಿದ್ದೂ 18 ರೂಪಾಯಿ. ಆ ಎರಡನ್ನು ಹೋಲಿಸಿದರೆ ಲೆಕ್ಕ ತಾಳೆ ಆಗುತ್ತೆ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದೊಂದು ಐಟಂನ ರೇಟು ಗುಣಿಸಿ ಕೂಡಿಸಿದಾಗಲೇ ಗೊತ್ತಾಗಿದ್ದು. ಇಂಥ ಆರ್ಡರ್ 14 ಇದ್ದವು. ಎಲ್ಲವೂ ಎರಡೇ ಮೊಬೈಲ್ ನಂಬರ್‌ನಿಂದ.

ಆಂಡ್ರಾಯ್ಡ್ ಆ್ಯಪ್ ಬರೆಯೋ ಗೆಳೆಯನಿಗೆ ಫೋನ್ ಮಾಡಿದೆ. ‘ಮಗಾ, ಇದು ಬಗ್ ಅಲ್ಲ, ಯಾರೋ ಪ್ರಾಕ್ಸಿ ಇಟ್ಟು ಮೊತ್ತ ಬದಲಾಯಿಸಿದಾರೆ’ ಅಂದ. ಅಂಗಡಿಯವರ ಒಪ್ಪಿಗೆ ತಗೊಂಡು, ತನ್ನದೇ ಫೋನಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ತೋರಿಸಿದ. ಇವತ್ತಿನ ಸಂಚಿಕೆ ಆ ಅರ್ಧ ಗಂಟೆಯ ಬಗ್ಗೆ.

ಸರಿ, ಪ್ರಾಕ್ಸಿ ಅಂದ್ರೆ ಏನು? ಹಾಸ್ಟೆಲ್‌ಗೆ ಬರೋ ಕಾಗದವನ್ನೆಲ್ಲ ವಾರ್ಡನ್ ಒಡೆದು ಓದಿ, ಮತ್ತೆ ಅಂಟಿಸಿ ಕೊಡೋದನ್ನ ನಿಮ್ಮ ಮನೆಯಲ್ಲಿ ಹಿರಿಯರು ಹೇಳಿರಬಹುದು. ಪ್ರಾಕ್ಸಿಯದ್ದೂ ಅದೇ ಕೆಲಸ. ಫೋನ್‌ನಿಂದ ಹೊರಟ ಸಂದೇಶ ನೇರವಾಗಿ ಸರ್ವರ್‌ಗೆ ಹೋಗಲ್ಲ. ಮಧ್ಯೆ ಒಂದು ಲ್ಯಾಪ್‌ಟಾಪ್ ಇರುತ್ತೆ. ಅದು ಓದುತ್ತೆ, ಬೇಕಾದ್ರೆ ತಿದ್ದುತ್ತೆ, ಆಮೇಲೆ ಮುಂದಕ್ಕೆ ಕಳಿಸುತ್ತೆ. ಬರ್ಪ್ ಸೂಟ್, ಚಾರ್ಲ್ಸ್, ಮಿಟ್‌ಎಂಪ್ರಾಕ್ಸಿ ಅಂತ ಇದಕ್ಕೆ ಟೂಲ್‌ಗಳಿವೆ. ಇವು ಕಳ್ಳರ ಟೂಲ್ ಅಲ್ಲ. ಡೆವಲಪರ್‌ಗಳು ತಮ್ಮ ಆ್ಯಪ್ ಪರೀಕ್ಷೆ ಮಾಡೋಕೆ ದಿನಾ ಬಳಸ್ತಾರೆ. ಚಾಕು ಇದ್ದ ಹಾಗೆ, ಹಿಡಿದವರ ಮೇಲೆ ಹೋಗುತ್ತೆ.

ಈಗ ನೀವು ಕೇಳಬಹುದು, ಎಲ್ಲ ಎಚ್‌ಟಿಟಿಪಿಎಸ್ ಅಲ್ವಾ, ಬೀಗದ ಚಿಹ್ನೆ ಇರುತ್ತಲ್ವಾ, ಮಧ್ಯದವನು ಹೇಗೆ ಓದ್ತಾನೆ ಅಂತ. ಒಳ್ಳೆ ಪ್ರಶ್ನೆ. ಸರ್ವರ್ ತನ್ನ ಗುರುತು ತೋರಿಸೋಕೆ ಒಂದು ಸರ್ಟಿಫಿಕೇಟ್ ಕೊಡುತ್ತೆ. ‘ಇದು ಅಸಲಿ’ ಅಂತ ಅದಕ್ಕೆ ಸೀಲ್ ಹಾಕೋ ಸಂಸ್ಥೆಗಳಿವೆ, ನೋಟರಿ ಇದ್ದ ಹಾಗೆ. ಯಾವ ಯಾವ ನೋಟರಿಯನ್ನ ನಂಬಬೇಕು ಅನ್ನೋ ಪಟ್ಟಿ ನಿಮ್ಮ ಫೋನ್ ಒಳಗೇ ಇರುತ್ತೆ. ಆ ಪಟ್ಟಿಗೆ ನೀವೇ ಒಂದು ಹೊಸ ನೋಟರಿ ಸೇರಿಸಿದ್ರೆ? ಕಥೆ ಮುಗೀತು. ಪ್ರಾಕ್ಸಿ ಟೂಲ್ ಪ್ರತಿ ವೆಬ್‌ಸೈಟ್‌ಗೂ ಆ ಕ್ಷಣದಲ್ಲೇ ಒಂದು ಸರ್ಟಿಫಿಕೇಟ್ ತಯಾರು ಮಾಡಿ, ತನ್ನದೇ ಸೀಲ್ ಹೊಡೆದು ಫೋನ್‌ಗೆ ತೋರಿಸುತ್ತೆ. ಫೋನ್ ‘ಸೀಲ್ ಇದೆ, ಸರಿ’ ಅನ್ನುತ್ತೆ. ಬೀಗದ ಚಿಹ್ನೆ ಹಾಗೇ ಇರುತ್ತೆ.

ಇದೆಲ್ಲ ಸಣ್ಣ ಅಂಗಡಿಗಳ ಕಥೆ ಅಂದ್ಕೋಬೇಡಿ. ಫೇಸ್‌ಬುಕ್ 2013ರಲ್ಲಿ ಇಸ್ರೇಲ್‌ನ ಒನಾವೋ ಅನ್ನೋ ಕಂಪನಿಯನ್ನ ಕೊಂಡುಕೊಂಡಿತು. ಅದರ ವಿಪಿಎನ್ ಆ್ಯಪ್ ಅನ್ನ ‘ನಿಮ್ಮ ರಕ್ಷಣೆಗೆ’ ಅಂತಲೇ ಪ್ರಚಾರ ಮಾಡ್ತಿದ್ದರು. 2016ರ ಹೊತ್ತಿಗೆ ಸ್ನ್ಯಾಪ್‌ಚಾಟ್ ಬೆಳೀತಿತ್ತು, ಅದರ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿದ್ದರಿಂದ ಫೇಸ್‌ಬುಕ್‌ಗೆ ಒಳಗೆ ಏನು ನಡೀತಿದೆ ಅಂತ ಕಾಣ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನ ಒಂದು ಕೇಸಿನಲ್ಲಿ 2024ರ ಮಾರ್ಚ್‌ನಲ್ಲಿ ಬಹಿರಂಗವಾದ ದಾಖಲೆಗಳ ಪ್ರಕಾರ, ಅದಕ್ಕೊಂದು ದಾರಿ ಹುಡುಕಿ ಅಂತ ಮಾರ್ಕ್ ಝುಕರ್‌ಬರ್ಗ್ ಇಮೇಲ್ ಬರೆದಿದ್ದರು. ಹುಟ್ಟಿಕೊಂಡ ಯೋಜನೆಯ ಹೆಸರು ‘ಘೋಸ್ಟ್‌ಬಸ್ಟರ್ಸ್’. ಸ್ನ್ಯಾಪ್‌ಚಾಟ್ ಲೋಗೋ ದೆವ್ವ ಅಲ್ವಾ, ಅದಕ್ಕೆ. ದಾಖಲೆಗಳು ಹೇಳೋ ವಿಧಾನ ಏನಂದ್ರೆ, ಬಳಕೆದಾರರ ಫೋನಲ್ಲಿ ಒಂದು ರೂಟ್ ಸರ್ಟಿಫಿಕೇಟ್, ಮಧ್ಯೆ ಫೇಸ್‌ಬುಕ್‌ನ ಸರ್ವರ್. ನನ್ನ ಗೆಳೆಯ ಅಂಗಡಿ ಆ್ಯಪ್ ಮೇಲೆ ಮಾಡಿ ತೋರಿಸಿದ ಅದೇ ಸೂತ್ರ, ಸೈಜ್ ಮಾತ್ರ ಬೇರೆ. ಆಮೇಲೆ ಯೂಟ್ಯೂಬ್, ಅಮೆಜಾನ್‌ಗೂ ವಿಸ್ತರಿಸಿದರು.

2019ರ ಜನವರಿಯಲ್ಲಿ ಇನ್ನೊಂದು ಹೊರಗೆ ಬಂತು. ‘ಫೇಸ್‌ಬುಕ್ ರಿಸರ್ಚ್’ ಅನ್ನೋ ಆ್ಯಪ್ ಹಾಕಿಕೊಳ್ಳೋಕೆ 13ರಿಂದ 35 ವರ್ಷದವರಿಗೆ ತಿಂಗಳಿಗೆ 20 ಡಾಲರ್‌ವರೆಗೆ ಕೊಡ್ತಿದ್ದರು. ಅದರಲ್ಲೂ ರೂಟ್ ಸರ್ಟಿಫಿಕೇಟ್ ಹಾಕಿಸ್ತಿದ್ದರು. ಸುದ್ದಿ ಬಂದ ಕೂಡಲೇ ಆ್ಯಪಲ್, ಫೇಸ್‌ಬುಕ್‌ನ ಎಂಟರ್‌ಪ್ರೈಸ್ ಪರವಾನಗಿ ರದ್ದು ಮಾಡಿತು. ಒನಾವೋ ಅದೇ ವರ್ಷ ಬಾಗಿಲು ಹಾಕಿತು. 2023ರಲ್ಲಿ ಆಸ್ಟ್ರೇಲಿಯಾದ ಕೋರ್ಟು, ಒನಾವೋ ಸಂಗ್ರಹಿಸಿದ ಡೇಟಾ ಬಗ್ಗೆ ಜನರಿಗೆ ಸರಿಯಾಗಿ ಹೇಳಲಿಲ್ಲ ಅಂತ ಮೆಟಾದ ಅಂಗಸಂಸ್ಥೆಗಳಿಗೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಇಲ್ಲಿ ಬಳಕೆದಾರರೇ ಹೊಸ ನೋಟರಿಯನ್ನ ಒಳಗೆ ಬಿಟ್ಟುಕೊಂಡರು. ಪಟ್ಟಿಯಲ್ಲಿ ಮೊದಲೇ ಇರೋ ನೋಟರಿಯೇ ಎಡವಿದ್ರೆ? ಅದೂ ಆಗಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಅನ್ನೋ ಸಂಸ್ಥೆಗೆ ಹ್ಯಾಕರ್‌ಗಳು ನುಗ್ಗಿ ಗೂಗಲ್ ಹೆಸರಲ್ಲೇ ನಕಲಿ ಸರ್ಟಿಫಿಕೇಟ್ ಮಾಡಿದರು. ಇರಾನ್‌ನ ಜಿಮೇಲ್ ಬಳಕೆದಾರರ ಮೇಲೆ ಅದು ಪ್ರಯೋಗ ಆಯ್ತು. ಆ ಕಂಪನಿ ಅದೇ ವರ್ಷ ದಿವಾಳಿ. ನಮ್ಮ ದೇಶದಲ್ಲೂ ಆಗಿದೆ. 2014ರ ಜುಲೈನಲ್ಲಿ ನಮ್ಮ ಎನ್‌ಐಸಿಯ ಕಡೆಯಿಂದ ಗೂಗಲ್ ಡೊಮೈನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್ ಹೊರಬಿದ್ದಿದೆ ಅಂತ ಗೂಗಲ್ ಪತ್ತೆ ಹಚ್ಚಿತು. ವಿಂಡೋಸ್ ಆ ಸೀಲ್ ನಂಬುತ್ತಿತ್ತು. ಆದರೆ ವಿಂಡೋಸ್‌ನಲ್ಲಿದ್ದ ಕ್ರೋಮ್ ಬ್ರೌಸರ್ ಗೂಗಲ್ ಸೈಟ್‌ಗಳ ವಿಷಯದಲ್ಲಿ ಅದನ್ನ ಒಪ್ತಿರಲಿಲ್ಲ. ಯಾಕೆ? ಅದರಲ್ಲಿ ಪಿನ್ನಿಂಗ್ ಇತ್ತು.

ಪಿನ್ನಿಂಗ್ ಅಂದ್ರೆ ನಮ್ಮ ಕಾಮರ್ಸ್ ಭಾಷೆಯಲ್ಲಿ ಸ್ಪೆಸಿಮನ್ ಸಿಗ್ನೇಚರ್. ನೀವು ಚೆಕ್ ಕೊಟ್ಟಾಗ ಬ್ಯಾಂಕಿನವರು ‘ನೋಟರಿ ಸೀಲ್ ಇದ್ಯಾ’ ಅಂತ ಕೇಳಲ್ಲ. ಖಾತೆ ತೆರೆದ ದಿನ ನೀವು ಹಾಕಿದ ಸಹಿಯನ್ನ ತೆಗೆದು ಪಕ್ಕಕ್ಕಿಟ್ಟು ನೋಡ್ತಾರೆ. ಹಾಗೇ ಆ್ಯಪ್ ಒಳಗೆ ಅಸಲಿ ಸರ್ವರ್‌ನ ಕೀಯ ಗುರುತನ್ನ ಮೊದಲೇ ಬರೆದಿಟ್ಟಿರ್ತಾರೆ. ಯಾರ ಸೀಲ್ ಇದ್ದರೂ ಸರಿ, ಆ ಗುರುತು ಹೊಂದದೆ ಇದ್ದರೆ ಆ್ಯಪ್ ಮಾತಾಡಲ್ಲ.

ಆ್ಯಪ್ ಮಾಡೋರು ಇದನ್ನ ಕೇಳ್ತಿದ್ರೆ, ಕ್ರಮವಾಗಿ ಹೇಳ್ತೀನಿ.

ಮೊದಲನೇದು, ಇರೋ ರಕ್ಷಣೆಯನ್ನ ಕಿತ್ತು ಹಾಕಬೇಡಿ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ, ಬಳಕೆದಾರ ತಾನೇ ಸೇರಿಸಿದ ಸರ್ಟಿಫಿಕೇಟನ್ನ ಆ್ಯಪ್‌ಗಳು ತಾವಾಗೇ ನಂಬಲ್ಲ. ಐಫೋನ್‌ನಲ್ಲೂ ಕೈಯಾರೆ ಹಾಕಿಕೊಂಡ ಸರ್ಟಿಫಿಕೇಟ್‌ಗೆ ಸೆಟ್ಟಿಂಗ್ಸ್‌ಗೆ ಹೋಗಿ ಬೇರೆಯಾಗಿ ಒಪ್ಪಿಗೆ ಕೊಡಬೇಕು. ಆದರೆ ಟೆಸ್ಟಿಂಗ್ ಸಮಯದಲ್ಲಿ ‘ಎಲ್ಲವನ್ನೂ ನಂಬು’ ಅಂತ ಎರಡು ಸಾಲು ಬರೆದು, ರಿಲೀಸ್ ಮಾಡೋವಾಗ ತೆಗೆಯೋದು ಮರೆತುಬಿಡ್ತಾರೆ. 2012ರಲ್ಲಿ ಜರ್ಮನಿಯ ಸಂಶೋಧಕರು 13,500 ಉಚಿತ ಆಂಡ್ರಾಯ್ಡ್ ಆ್ಯಪ್ ನೋಡಿದಾಗ 1,074ರಲ್ಲಿ ಸರ್ಟಿಫಿಕೇಟ್ ಪರಿಶೀಲನೆಯ ಕೋಡೇ ಅಪಾಯಕಾರಿಯಾಗಿತ್ತು. ನಮ್ಮ ಅಂಗಡಿ ಆ್ಯಪ್‌ನಲ್ಲಿ ಗೆಳೆಯ ಕಂಡಿದ್ದೂ ಇದೇ ಎರಡು ಸಾಲು.

ಎರಡನೇದು, ಪಿನ್ನಿಂಗ್ ಮಾಡೋ ಮುಂಚೆ ಯೋಚನೆ ಮಾಡಿ. ಸಹಿ ಬದಲಾದ ದಿನ ಚೆಕ್ ಪಾಸಾಗಲ್ಲ. ಸರ್ವರ್‌ನ ಕೀ ಬದಲಾಯ್ತು, ಜನ ಆ್ಯಪ್ ಅಪ್‌ಡೇಟ್ ಮಾಡಿಲ್ಲ ಅಂದ್ರೆ ಎಲ್ಲರ ಫೋನಲ್ಲೂ ಆ್ಯಪ್ ಸತ್ತ ಹಾಗೆ. ಇದೇ ಕಾರಣಕ್ಕೆ ಆಂಡ್ರಾಯ್ಡ್‌ನವರ ದಾಖಲೆಗಳಲ್ಲೇ ಪಿನ್ನಿಂಗ್ ಬಗ್ಗೆ ಎಚ್ಚರಿಕೆ ಇದೆ. ಮಾಡಲೇಬೇಕು ಅಂದ್ರೆ, ಬೇರೆ ಜಾಗದಲ್ಲಿ ಭದ್ರವಾಗಿಟ್ಟ ಇನ್ನೊಂದು ಕೀಯ ಗುರುತನ್ನೂ ಬ್ಯಾಕಪ್ ಆಗಿ ಸೇರಿಸಿ, ಪಿನ್‌ಗೆ ಒಂದು ಕೊನೆಯ ದಿನಾಂಕ ಇಡಿ.

ಮೂರನೇದು, ಇದನ್ನ ದಯವಿಟ್ಟು ಗಮನ ಕೊಟ್ಟು ಕೇಳಿ. ಪಿನ್ನಿಂಗ್ ನಿಮ್ಮ ಗ್ರಾಹಕರನ್ನ ಮಧ್ಯದ ಕಳ್ಳನಿಂದ ಕಾಪಾಡುತ್ತೆ. ಆದರೆ ಫೋನ್ ಹಿಡಿದಿರೋ ಗ್ರಾಹಕನೇ ಕಳ್ಳ ಆದ್ರೆ? ಫೋನ್ ಅವನದ್ದು, ಆ್ಯಪ್‌ನ ಕಾಪಿ ಅವನ ಕೈಯಲ್ಲೇ ಇದೆ. ಫೋನ್ ರೂಟ್ ಮಾಡಿ, ಫ್ರಿಡಾ ತರದ ಟೂಲ್ ಬಳಸಿ ಆ ಪರಿಶೀಲನೆಯನ್ನೇ ಆಫ್ ಮಾಡಬಹುದು. ಪ್ಲೇ ಇಂಟೆಗ್ರಿಟಿ ತರದ ವ್ಯವಸ್ಥೆಗಳು ಅವನ ಕೆಲಸ ಕಷ್ಟ ಮಾಡುತ್ತವೆ, ಆದರೆ ಅಸಾಧ್ಯ ಮಾಡಲ್ಲ. ಹಾಗಾಗಿ ಕೊನೆಯ ಬಾಗಿಲು ಸರ್ವರ್‌ನಲ್ಲೇ ಇರಬೇಕು.

ಅಂಗಡಿ ಆ್ಯಪ್‌ನ ಅಸಲಿ ತಪ್ಪು ಅದೇ. ಒಟ್ಟು ಮೊತ್ತವನ್ನ ಗ್ರಾಹಕನ ಫೋನ್ ಹೇಳ್ತಿತ್ತು, ಸರ್ವರ್ ತಲೆ ಆಡಿಸ್ತಿತ್ತು. ಗ್ರಾಹಕ ತಾನೇ ಬಿಲ್ ಬರೆದು ತಂದ್ರೆ ಯಾವ ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಒಪ್ತಾರೆ ಹೇಳಿ? ಈಗ ಫೋನ್‌ನಿಂದ ಬರೋದು ಐಟಂ ಕೋಡ್ ಮತ್ತೆ ಎಷ್ಟು ಬೇಕು ಅನ್ನೋದು, ಅಷ್ಟೇ. ರೇಟು, ಡಿಸ್ಕೌಂಟ್, ಒಟ್ಟು ಮೊತ್ತ ಎಲ್ಲ ಸರ್ವರ್ ತನ್ನ ಪಟ್ಟಿ ನೋಡಿ ಹಾಕುತ್ತೆ. ಬಂದ ದುಡ್ಡು ಆ ಮೊತ್ತಕ್ಕೆ ಸರಿ ಇದ್ದರೆ ಮಾತ್ರ ಪ್ಯಾಕಿಂಗ್ ಚೀಟಿ ಪ್ರಿಂಟ್ ಆಗುತ್ತೆ.

ಇದನ್ನ ಕೇಳಿ ‘ಒಂದ್ಸಲ ಟ್ರೈ ಮಾಡೋಣ ಗುರು’ ಅನ್ನಿಸಿದವರಿಗೆ ಒಂದು ಮಾತು. ನಿಮ್ಮದೇ ಆ್ಯಪ್ ಮೇಲೆ, ಅಥವಾ ಮಾಲೀಕರ ಒಪ್ಪಿಗೆ ತಗೊಂಡು ಮಾಡಿದ್ರೆ ಅದು ಕಲಿಕೆ. ಬೇರೆಯವರ ವ್ಯವಸ್ಥೆಯಲ್ಲಿ ಮೋಸದಿಂದ ಕೈಯಾಡಿಸಿದ್ರೆ ಐಟಿ ಕಾಯ್ದೆಯ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನು ಆ್ಯಪ್ ಬಳಸೋ ನಮ್ಮಂಥವರು ಏನು ಮಾಡಬೇಕು? ಇವತ್ತೇ ಫೋನ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿಗೆ ಹೋಗಿ, ‘ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್’ ಅಂತ ಹುಡುಕಿ, ಅದರಲ್ಲಿ ‘ಯೂಸರ್’ ಅನ್ನೋ ಭಾಗ ನೋಡಿ. ಕಂಪನಿ ಪ್ರಕಾರ ಹೆಸರು ಸ್ವಲ್ಪ ಆಚೀಚೆ ಇರುತ್ತೆ. ಹೆಚ್ಚಿನವರಿಗೆ ಅಲ್ಲಿ ಏನೂ ಇರಬಾರದು. ಆಫೀಸಿನವರು ಕೊಟ್ಟ ಫೋನ್ ಆದ್ರೆ ಅವರ ಸರ್ಟಿಫಿಕೇಟ್ ಇರಬಹುದು, ಅದು ಮಾಮೂಲಿ, ಆದರೆ ಅದರಲ್ಲಿ ನಿಮ್ಮ ಬ್ಯಾಂಕ್ ವ್ಯವಹಾರ ಬೇಡ. ಫ್ರೀ ವೈಫೈ, ಫ್ರೀ ವಿಪಿಎನ್, ಗಿಫ್ಟ್ ಕೊಡೋ ಆ್ಯಪ್, ಯಾವುದೇ ಆಗಲಿ, ‘ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ’ ಅಂದ್ರೆ ಅಲ್ಲೇ ನಿಲ್ಲಿಸಿ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಆ ಹುಡುಗನ ವಿಷಯ ಹೇಳಿ ಮುಗಿಸ್ತೀನಿ. ಲೆಕ್ಕ ತೋರಿಸಿದ ದಿನವೇ ಅಂಗಡಿಯವರು ಅವನ ಸಂಬಳ ಕೊಟ್ಟರು. ‘ತಪ್ಪು ತಿಳ್ಕೊಂಡ್ವಿ ಕಣಪ್ಪಾ’ ಅಂತಲೂ ಅಂದರು. ಆ ಎರಡು ನಂಬರ್‌ಗಳಲ್ಲಿ ಒಬ್ಬ ದುಡ್ಡು ಕಟ್ಟಿದ, ಇನ್ನೊಂದು ನಂಬರ್ ಸ್ವಿಚ್ಡ್ ಆಫ್. ಆದರೆ ಹುಡುಗ ಮುಂದಿನ ತಿಂಗಳೇ ಕೆಲಸ ಬಿಟ್ಟು ಬೇರೆ ಕಡೆ ಸೇರಿಕೊಂಡ. ಯಾಕೋ ಅಂತ ಕೇಳಿದ್ದಕ್ಕೆ, ‘ಅಣ್ಣಾ, ದುಡ್ಡು ಎಣಿಸೋವಾಗ ಎಲ್ಲರೂ ನನ್ನ ಕೈನೇ ನೋಡ್ತಾರೆ’ ಅಂದ.

ಕೋಡ್‌ನಲ್ಲಿ ಬಿಟ್ಟ ಎರಡು ಸಾಲಿನ ಬೆಲೆ ಯಾರೋ ಕಟ್ತಾರೆ. ಹೆಚ್ಚಿನ ಸಲ ಅದು ಕೋಡ್ ಬರೆದವರಲ್ಲ. ನಿಮ್ಮ ಊರಲ್ಲಿ ಆ್ಯಪ್ ಇಟ್ಟುಕೊಂಡಿರೋ ಅಂಗಡಿ ಇದ್ರೆ, ಅವರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.