ಗಂಗಾಮೂಲದ ಪಂಡಿತೆ ಕ್ರಿಸ್ತನನ್ನು ಒಪ್ಪಿದ ಬಗೆ



ಮತಾಂತರದ ಮಾತು ಬಂದಾಗಲೆಲ್ಲ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಮಾಡಿಸಿದವರು ಯಾರು? ತೋರಿಸಿದ ಆಮಿಷ ಏನು? ಮತ ಬದಲಿಸಿದವರ ಮನಸ್ಸಿನಲ್ಲಿ ಏನು ನಡೆಯಿತು ಎಂದು ಕೇಳುವವರು ಕಡಿಮೆ. ನಾನು ಕ್ರೈಸ್ತ ನಂಬಿಕೆಯ ಪರವಾಗಿಯೇ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಪಂಡಿತಾ ರಮಾಬಾಯಿಯವರ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆಕ್ಷೇಪ ಎದ್ದಾಗ ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರ ಕೊಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡವರು. ಆ ತಾಯಿಯಿಂದ ಮಗಳು ಭಾಗವತ ಕಲಿತಳು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣನೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದಾಗ, ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು.

ಆ ಗೌರವದ ನಡುವೆಯೇ ಆಕೆಯನ್ನು ಒಂದು ಸಂಗತಿ ಕೊರೆಯತೊಡಗಿತು. ಧರ್ಮಶಾಸ್ತ್ರಗಳನ್ನು ಓದಿದಷ್ಟೂ ಅವು ಬೇರೆಲ್ಲ ವಿಷಯದಲ್ಲಿ ಒಂದಕ್ಕೊಂದು ಹೊಂದದಿದ್ದರೂ ಹೆಣ್ಣು ಹೀನಳು, ಗಂಡಿನಂತೆ ಆಕೆಗೆ ಮೋಕ್ಷವಿಲ್ಲ ಎನ್ನುವುದರಲ್ಲಿ ಒಮ್ಮತದಲ್ಲಿವೆ ಎಂದು ಆಕೆಗೆ ಕಂಡಿತು. ಮುಂದೆ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಜಾತಿ ಮೀರಿ ಮದುವೆಯಾದರು. 1882ರಲ್ಲಿ ಕೈಗೂಸಿನೊಂದಿಗೆ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹ್ಯಾಮಿನಲ್ಲಿ ನಡೆಸುತ್ತಿದ್ದ ಮನೆಯೊಂದನ್ನು ನೋಡಿದರು. ಸಮಾಜ ‘ಕೆಟ್ಟವರು’ ಎಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ಉಪಚರಿಸುತ್ತಿದ್ದರು. ಇವರಿಗೇಕೆ ಇಷ್ಟು ಕರುಣೆ ಎಂದು ರಮಾಬಾಯಿ ಕೇಳಿದಾಗ, ಯೋಹಾನನ ಸುವಾರ್ತೆಯ 4ನೇ ಅಧ್ಯಾಯವನ್ನು ಓದಿ ಹೇಳಿದರು. ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಜನ ಜರೆದ ಆ ಹೆಣ್ಣಿನೊಂದಿಗೆ ದೇವರ ವಿಷಯವನ್ನೇ ಮಾತನಾಡುತ್ತಾನೆ. ತನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ರಮಾಬಾಯಿಗೆ ಹೊಳೆಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು.

ಆಮಿಷಕ್ಕೆ ಒಲಿದವರು ಕೊಟ್ಟವರ ಮಾತಿಗೆ ತಲೆಯಾಡಿಸುತ್ತಾರೆ. ರಮಾಬಾಯಿ ಆಡಿಸಲಿಲ್ಲ. ತಮಗೆ ಆಸರೆ ಕೊಟ್ಟ ಸಂನ್ಯಾಸಿನಿಯರೊಂದಿಗೇ ದೇವರು ಒಬ್ಬನೇ ಆದರೂ ಮೂವರು ಎನ್ನುವ ತ್ರಿತ್ವದಂಥ ಸಿದ್ಧಾಂತಗಳ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ನಮ್ಮ ಸಂಸ್ಕೃತಕ್ಕೇನು ಕಡಿಮೆ ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ದೀಕ್ಷೆಯ ಹೊತ್ತಿಗೆ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿದ್ದು ವರ್ಷಗಳ ನಂತರ ಎಂದೂ ಮುಂದೆ ಬರೆದುಕೊಂಡರು.

ಹಾಗಾದರೆ ಮತ ಬದಲಿಸಿದ ರಮಾಬಾಯಿ ತಮ್ಮವರನ್ನು ತೊರೆದರೇ? 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. 1893ರಲ್ಲಿ, ಹುಡುಗಿಯರನ್ನು ಕ್ರೈಸ್ತ ಮತಕ್ಕೆ ಸೆಳೆಯುತ್ತಾರೆಂಬ ಕೂಗೆದ್ದು ರಾನಡೆ, ಭಂಡಾರ್ಕರ್ ಅವರಂಥ ಸಮಾಜ ಸುಧಾರಕರೂ ಸಲಹಾ ಮಂಡಳಿಯಿಂದ ಹೊರಬಂದರು. ಹೆತ್ತವರ ಆತಂಕ ನಿಜವಾದದ್ದು. ಹಸಿದವರ ಮುಂದೆ ಅನ್ನವಿಟ್ಟು ನಂಬಿಕೆಯನ್ನು ಬೆಲೆಯಾಗಿ ಕೇಳುವುದು ಕ್ರಿಸ್ತನ ದಾರಿಯಲ್ಲ. ಹಾಗೆ ಕೇಳುವ ಕ್ರೈಸ್ತರನ್ನು ಮೊದಲು ಖಂಡಿಸಬೇಕಾದವರು ನಾವು ಕ್ರೈಸ್ತರೇ. ರಮಾಬಾಯಿ ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. 1896–97ರ ಕ್ಷಾಮದಲ್ಲಿ ನೂರಾರು ಅನಾಥ ಹುಡುಗಿಯರನ್ನು ಕರೆತಂದು ಕೇಡಗಾಂವಿನ ತಮ್ಮ ಮುಕ್ತಿ ಸದನದಲ್ಲಿ ಓದು, ನೇಯ್ಗೆ, ಮುದ್ರಣ ಕಲಿಸಿದರು. ಮಗಳು ಮನೋರಮಾ ನಮ್ಮ ಕಲಬುರಗಿಯಲ್ಲಿ ಶಾಲೆ ಕಟ್ಟಲು ನೆರವಾದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದ ರಮಾಬಾಯಿ, 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸವನ್ನು ಮುಗಿಸಿದ್ದರು.

ರಮಾಬಾಯಿ ಕಂಡಂಥ ಕರುಣೆ ನಮ್ಮ ಭಕ್ತಿಪರಂಪರೆಗೆ ಹೊಸದಲ್ಲ. ಶರಣರೂ ದಾಸರೂ ಅದನ್ನು ಬಲ್ಲರು. ಆದರೆ ಕ್ರೈಸ್ತ ನಂಬಿಕೆ ಹೇಳುವುದು ಒಂದು ನಡೆದ ಸಂಗತಿಯನ್ನು. ದೇವರು ಮನುಷ್ಯನಾಗಿ ಬಂದು ತಿರಸ್ಕೃತರ ಜೊತೆ ಉಂಡ, ತಾನೇ ತಿರಸ್ಕೃತನಾಗಿ ಶಿಲುಬೆಯಲ್ಲಿ ಸತ್ತ, ಮತ್ತೆ ಎದ್ದ. ಅರ್ಹತೆ ಸಂಪಾದಿಸಿಕೊಂಡು ಬಾ ಎಂದು ಕಾಯದೆ, ಅನರ್ಹರನ್ನು ತಾನೇ ಹುಡುಕಿಕೊಂಡು ಬಂದ. ಇದು ಸುಳ್ಳಾದರೆ ಕ್ರೈಸ್ತ ಧರ್ಮದಲ್ಲಿ ಉಳಿಯುವುದೇನೂ ಇಲ್ಲ. ನಿಜವಾದರೆ ಅದು ಯಾವ ಜಾತಿಯ, ಯಾವ ದೇಶದ ಸ್ವತ್ತೂ ಅಲ್ಲ. ಅದು ನಿಜವೆಂದು ನಾನು ನಂಬುತ್ತೇನೆ.

ಸಂವಿಧಾನದ 25ನೇ ವಿಧಿ ನಮಗೆಲ್ಲ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಒಪ್ಪುವುದಕ್ಕೂ, ಒಪ್ಪದಿರುವುದಕ್ಕೂ. ನಾನು ಕೇಳಿಕೊಳ್ಳುವುದು ಇಷ್ಟೆ: ಯೋಹಾನನ 4ನೇ ಅಧ್ಯಾಯವನ್ನು ನೀವೇ ಓದಿ, ರಮಾಬಾಯಿಯವರಂತೆ ಪ್ರಶ್ನಿಸಿ, ನನ್ನೊಂದಿಗೆ ವಾದಕ್ಕೆ ಬನ್ನಿ. ಪ್ರಶ್ನೆಗೆ ಹೆದರುವ ನಂಬಿಕೆಯನ್ನು ಆ ಪಂಡಿತೆ ಎಂದೂ ಸ್ವೀಕರಿಸುತ್ತಿರಲಿಲ್ಲ.