ಎರಡು ಪೆಟ್ಟಿಗೆ ಚೀಟಿಗಳು

ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನಲ್ಲಿ ಅಮೆರಿಕದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯವಿದೆ. 1909ರಲ್ಲಿ ಹುಟ್ಟಿ 1951ರಲ್ಲಿ ಅಲ್ಲಿಗೆ ಬಂದ ಈ ಸಂಸ್ಥೆಯಲ್ಲಿ ಸೇನಾಧಿಕಾರಿಗಳು ಕುಳಿತು ಖರ್ಚು, ಸರಕು, ಸಮಯಗಳ ಲೆಕ್ಕಾಚಾರ ಕಲಿಯುತ್ತಾರೆ. ಆ ವಿದ್ಯೆ ಒಂದು ಊರಿನ ಅಸಹಾಯಕರಿಗೂ ಒದಗೀತೇ?

ಖಂಡಿತ ಒದಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬೆಳೆದ ಈ ಶಾಸ್ತ್ರಕ್ಕೆ ಆಪರೇಷನ್ಸ್ ರಿಸರ್ಚ್ ಎಂದು ಹೆಸರು. 1980ರ ದಶಕದಲ್ಲಿ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಜಾನ್ ಬಾರ್ತೋಲ್ಡಿ ಮತ್ತು ಸಂಗಡಿಗರು ಇದನ್ನು ಅಟ್ಲಾಂಟಾ ನಗರದ ‘ಮೀಲ್ಸ್ ಆನ್ ವೀಲ್ಸ್’ ಸೇವೆಗೆ ಬಳಸಿದರು. ವೃದ್ಧರ, ರೋಗಿಗಳ ಮನೆಬಾಗಿಲಿಗೆ ಊಟ ಮುಟ್ಟಿಸುವ ಕೆಲಸವದು. ಫಲಾನುಭವಿಗಳ ಪಟ್ಟಿ ಪದೇ ಪದೇ ಬದಲಾಗುತ್ತಿತ್ತು. ಕಂಪ್ಯೂಟರ್ ಕೊಳ್ಳಲು ದುಡ್ಡಿರಲಿಲ್ಲ. ವಿದ್ವಾಂಸರು ನಗರದ ನಕ್ಷೆಯ ಮೇಲೆ ಎಲ್ಲ ಬೀದಿಗಳನ್ನೂ ಹಾಯುವ ಒಂದೇ ಅಂಕುಡೊಂಕು ಗೆರೆಯನ್ನು ಕಲ್ಪಿಸಿ, ಅದರ ಮೇಲೆ ಪ್ರತಿ ಮನೆಗೂ ಒಂದು ಸಂಖ್ಯೆ ಕೊಟ್ಟರು. ಒಬ್ಬೊಬ್ಬರಿಗೆ ಎರಡೆರಡು ಚೀಟಿ: ಒಂದು ಹೆಸರಿನ ಕ್ರಮದ ಪೆಟ್ಟಿಗೆಯಲ್ಲಿ, ಇನ್ನೊಂದು ಸಂಖ್ಯೆಯ ಕ್ರಮದ ಪೆಟ್ಟಿಗೆಯಲ್ಲಿ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ ಚೀಟಿಗಳನ್ನು ನಾಲ್ಕು ಪಾಲು ಮಾಡಿದರೆ ನಾಲ್ವರು ಚಾಲಕರ ದಾರಿ ಸಿದ್ಧ. ಹೊಸಬರು ಬಂದರೆ ಎರಡೂ ಪೆಟ್ಟಿಗೆಗೆ ಒಂದೊಂದು ಚೀಟಿ ಸೇರಿಸುವುದು, ಯಾರಾದರೂ ತೀರಿಕೊಂಡರೆ ಒಂದೊಂದನ್ನು ತೆಗೆಯುವುದು, ಅಷ್ಟೇ.

ದೊಡ್ಡ ಯಂತ್ರವಲ್ಲ, ಅಕ್ಕರೆಯ ಲೆಕ್ಕ! ಓಡಾಟದ ಸಮಯ ಸುಮಾರು ಶೇ. 13ರಷ್ಟು ಇಳಿಯಿತು. ತಗುಲಿದ ವೆಚ್ಚ 50 ಡಾಲರಿಗೂ ಕಡಿಮೆ.