ಎಲ್ಲ ಮಣಿಕಟ್ಟಿನ ನೋವೂ ಉಳುಕಲ್ಲ

ನಮ್ಮ ಭಾಷೆಯಲ್ಲಿ ಎಷ್ಟೋ ಮಾತುಗಳು ಕೈಯಿಂದಲೇ ಹುಟ್ಟಿವೆ. ಕೆಲಸ ಕೈಗೂಡಿತು ಎನ್ನುತ್ತೇವೆ. ಗೆಳೆಯ ಕೈಹಿಡಿದ, ನೆಂಟ ಕೈಬಿಟ್ಟ ಎನ್ನುತ್ತೇವೆ. ಏನೂ ತೋಚದಾದಾಗ ‘ಕೈಲಾಗದು’ ಎಂದು ಕೂತುಬಿಡುತ್ತೇವೆ. ಶಸ್ತ್ರವೈದ್ಯದ ಆಚಾರ್ಯನಾದ ಸುಶ್ರುತನು ನೂರೊಂದು ಯಂತ್ರಗಳನ್ನು ಎಣಿಸಿ, ಅವುಗಳಲ್ಲೆಲ್ಲ ಕೈಯೇ ಪ್ರಧಾನವೆಂದು ಹೇಳಿದ್ದಾನೆ. ಆ ಕೈಯನ್ನು ತೋಳಿಗೆ ಕೂಡಿಸುವ ಮಣಿಕಟ್ಟಿನ ವಿಷಯವಾಗಿ ಇಂದು ತಮ್ಮೊಡನೆ ನಾಲ್ಕು ಮಾತನಾಡುವೆನು. ನಾನು ವೈದ್ಯನಲ್ಲ, ಕನ್ನಡ ಕಲಿಸುವ ಮಾಸ್ತರ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ.

ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ, ಹಣ್ಣು-ಕಾಯಿಗಳನ್ನು ಮಾಡುವ ಮನೆತನದ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ಶಾಲೆ ಬಿಟ್ಟ ಕೆಲವು ವರ್ಷಗಳ ಮೇಲೆ ಅವನು ಸೈಕಲ್ಲಿನಿಂದ ಬಿದ್ದು ಅಂಗೈಯನ್ನು ನೆಲಕ್ಕೆ ಊರಿದ. ಮರುದಿನ ದಾರಿಯಲ್ಲಿ ಭೆಟ್ಟಿಯಾಗಿ ಕೈ ತೋರಿಸಿದ.

“ಉಳುಕಿರಬೇಕಲ್ರಿ ಸರ?”

“ಹೂಂ, ಉಳುಕೇ. ಎಣ್ಣಿ ಹಚ್ಚಿ ನೀವಿಸ್ಕೋ, ಎಂಟು ದಿನದಾಗ ಹೋಗ್ತೈತಿ” ಎಂದೆ.

ಬಾವು ಎಂಟು ದಿನದಲ್ಲಿ ಇಳಿಯಿತು. ನೋವು ಮಾತ್ರ ಉಳಿಯಿತು. ವರುಷ ತುಂಬುವದರೊಳಗೆ ಅವನ ಉಳಿ ಕಟ್ಟಿಗೆಯ ಮೇಲೆ ಜಾರತೊಡಗಿತು. ಬೆಳಗಾವಿಗೆ ಹೋಗಿ ಕ್ಷ-ಕಿರಣದ ಚಿತ್ರ ತೆಗೆಸಿದಾಗ ಒಳಗಿನ ಸಣ್ಣ ಎಲುಬೊಂದು ಎರಡು ತುಂಡಾಗಿ, ಕೂಡದೆ ಉಳಿದಿರುವದು ಕಂಡಿತು. ಉಳುಕೆಂದವನು ನಾನು. ಅಂದಿನಿಂದ ಈ ವಿಷಯವನ್ನು ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡೆ.

ಮಣಿಕಟ್ಟು ಒಂದು ಎಲುಬಲ್ಲ. ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ 8 ಸಣ್ಣ ಎಲುಬುಗಳು ಅಲ್ಲಿ ಕೂಡಿಕೊಂಡಿವೆ. ಪಶ್ಚಿಮದ ಪಂಡಿತರು ಅವುಗಳಿಗೆ ಆಕಾರ ನೋಡಿ ಹೆಸರಿಟ್ಟರು: ಒಂದು ದೋಣಿ, ಒಂದು ಚಂದ್ರ, ಒಂದು ಬಟಾಣಿ, ಒಂದು ಕೊಕ್ಕೆ, ಹೀಗೆ. ಇವುಗಳಲ್ಲಿ ದೋಣಿ ಮತ್ತು ಚಂದ್ರ, ಈ ಎರಡೇ ನಮಗೆ ಇಂದು ಮುಖ್ಯ.

ದೋಣಿಯೆಲುಬು ಹೆಬ್ಬೆರಳ ಕಡೆಗಿದೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿರಿ. ಅದರ ಬುಡದಲ್ಲಿ ಎರಡು ನರಗಳಂತೆ ಕಾಣುವ ಹುರಿಗಳ ನಡುವೆ ಒಂದು ಗುಳಿ ಬೀಳುವದು. ಹಿಂದೆ ನಶ್ಯ ಏರಿಸುವವರು ಅಲ್ಲಿಯೇ ಚಿಟಿಕೆ ಹಾಕಿಕೊಳ್ಳುತ್ತಿದ್ದುದರಿಂದ ವೈದ್ಯರೂ ಅದನ್ನು ನಶ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಅಂಗೈಯೂರಿ ಬಿದ್ದ ಮೇಲೆ ಆ ಗುಳಿಯನ್ನು ಒತ್ತಿದರೆ ನೋವಾಗುವದೆ? ಹಾಗಾದರೆ ದೋಣಿಯೆಲುಬು ಮುರಿದಿರಬಹುದೆಂದು ತಿಳಿದೇ ನಡೆಯಬೇಕು. ಮೊದಲ ದಿನದ ಚಿತ್ರದಲ್ಲಿ ಬಿರುಕು ಕಾಣದೆಯೂ ಇರುವದುಂಟು. ಆದುದರಿಂದ ವೈದ್ಯರು ಕೈಗೆ ಪಟ್ಟಿ ಕಟ್ಟಿ, 10-14 ದಿನ ಬಿಟ್ಟು ಮತ್ತೊಮ್ಮೆ ಚಿತ್ರ ತೆಗೆಸುತ್ತಾರೆ, ಇಲ್ಲವೆ ಎಂ. ಆರ್. ಐ. ಮಾಡಿಸುತ್ತಾರೆ.

ಈ ಎಲುಬಿನ ದೋಷವೆಂದರೆ, ಅದಕ್ಕೆ ರಕ್ತವು ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುವದು. ನಡುವೆ ಮುರಿದರೆ ಹಿಂದಿನ ತುಂಡು ನೀರು ಕಾಣದ ಕಾಲುವೆಯ ಕೊನೆಯ ಹೊಲದಂತೆ ಒಣಗಬಹುದು. ಬೇಗ ಗುರುತಿಸಿದರೆ ಬಹಳ ಸಲ ಪಟ್ಟಿಯಿಂದಲೇ ಕೂಡುವದು. ತಡವಾದರೆ ಸೊಂಟದ ಇಲ್ಲವೆ ಮುಂಗೈಯ ಎಲುಬಿನ ಚೂರನ್ನು ತಂದು ತುಂಬಿ, ಒಳಗೆ ತಲೆಯಿಲ್ಲದ ಸಣ್ಣ ಸ್ಕ್ರೂ ಕೂಡಿಸುವ ಶಸ್ತ್ರಕ್ರಿಯೆ ಬೇಕಾಗುವದು. ಬೀಡಿ ಸೇದುವವರಲ್ಲಿ ಎಲುಬು ಕೂಡುವದು ಇನ್ನೂ ಕಷ್ಟ.

ಇನ್ನು ಚಂದ್ರ. ಇದು ಮಣಿಕಟ್ಟಿನ ನಟ್ಟನಡುವೆ ಇರುವ ಎಲುಬು. ಇದಕ್ಕೆ ಗ್ರಹಣ ಹಿಡಿಯುವ ವಿರಳ ರೋಗವೊಂದುಂಟು. 1910ರಲ್ಲಿ ವಿಯೆನ್ನಾದ ಕ್ಷ-ಕಿರಣ ವೈದ್ಯ ರಾಬರ್ಟ್ ಕೀನ್‌ಬಾಕ್ ಇದನ್ನು ವಿವರಿಸಿದುದರಿಂದ ಅವನ ಹೆಸರಿನಿಂದಲೇ ಕರೆಯುತ್ತಾರೆ. ಎಲುಬಿಗೆ ರಕ್ತ ಕಡಿಮೆಯಾಗಿ, ಅದು ಮೆಲ್ಲಗೆ ಸತ್ತು ಕುಸಿಯುವದು. 20ರಿಂದ 40ರ ವಯಸ್ಸಿನ, ಮೈಮುರಿದು ದುಡಿಯುವ ಗಂಡಸರಲ್ಲಿ ಇದು ಹೆಚ್ಚು. ಎಷ್ಟೋ ಸಲ ಬಿದ್ದ ನೆನಪೇ ಇರುವದಿಲ್ಲ. ಮಣಿಕಟ್ಟಿನ ಹಿಂಬದಿಯ ನಡುವೆ ನೋವು, ಬಿಗಿತ, ಹಿಡಿತ ಸಡಿಲುವದು, ಇವೇ ಲಕ್ಷಣಗಳು. ಆರಂಭದಲ್ಲಿ ಕ್ಷ-ಕಿರಣಕ್ಕೂ ಇದು ಸಿಗದು, ಎಂ. ಆರ್. ಐ. ಯೇ ಬೇಕು.

ಇಂಥವರಲ್ಲಿ ಹಲವರಿಗೆ ಮುಂಗೈಯ ಎರಡು ಎಲುಬುಗಳಲ್ಲಿ ಕಿರುಬೆರಳ ಕಡೆಯದು ತುಸು ಗಿಡ್ಡವಾಗಿದ್ದು, ಭಾರವೆಲ್ಲ ಚಂದ್ರನ ಮೇಲೆ ಬೀಳುವದು. ಅದಕ್ಕೆ ಶಸ್ತ್ರವೈದ್ಯರು ಒಂದು ಜಾಣ ಉಪಾಯ ಮಾಡುತ್ತಾರೆ. ರೋಗದ ಎಲುಬನ್ನು ಮುಟ್ಟದೆ, ಹೆಬ್ಬೆರಳ ಕಡೆಯ ಉದ್ದ ಎಲುಬನ್ನೇ ಎರಡು-ಮೂರು ಮಿಲಿಮೀಟರು ಕತ್ತರಿಸಿ ಗಿಡ್ಡ ಮಾಡಿ, ಪಟ್ಟಿ-ಸ್ಕ್ರೂಗಳಿಂದ ಬಂಧಿಸುತ್ತಾರೆ. ಹೊರೆ ಹಂಚಿಹೋಗಿ ಚಂದ್ರನು ಉಸಿರಾಡುತ್ತಾನೆ. ಎಲುಬು ಕುಸಿದು, ಸುತ್ತಲಿನ ಕೀಲುಗಳೂ ಸವೆದ ಮೇಲೆ ಈ ಉಪಾಯ ಸಾಗದು. ಆಗ ಕೆಲವು ಎಲುಬುಗಳನ್ನು ತೆಗೆಯುವದು, ಇಲ್ಲವೆ ಬೆಸೆಯುವದು ಅನಿವಾರ್ಯ. ನೋವು ಇಳಿಯುವದು, ಆದರೆ ಕೈಯ ಹೊರಳಾಟದಲ್ಲಿ ಒಂದು ಪಾಲು ಹೋಗುವದು.

ಮೂಡಲಗಿಯ ಕಡೆ ಕಬ್ಬು ಕಡಿಯುವವನು, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಸುತ್ತ ಮೆಣಸಿನಕಾಯಿ ಬಿಡಿಸುವವಳು, ಗರಡಿಯಲ್ಲಿ ಪಟ್ಟು ಕಲಿಯುವ ಹುಡುಗ, ಇವರೆಲ್ಲರ ಅನ್ನ ಮಣಿಕಟ್ಟಿನಲ್ಲಿದೆ. ಒಂದು ದಿನದ ಕೂಲಿ ತಪ್ಪುವದೆಂದು ಅವರು ನೋವು ನುಂಗುವರು. ಆಮೇಲೆ ವರುಷದ ಕೂಲಿಯೇ ತಪ್ಪುವದು.

ಆದುದರಿಂದ ನನ್ನ ಬಿನ್ನಹವಿಷ್ಟೆ. ತಮ್ಮ ಮನೆಯಲ್ಲಾಗಲಿ, ಹೊಲದಲ್ಲಿ ದುಡಿಯಬರುವವರಲ್ಲಾಗಲಿ ಯಾರಾದರೂ ಅಂಗೈಯೂರಿ ಬಿದ್ದರೆ ಎಳೆಸುವದು, ನೀವಿಸುವದು ಬೇಡ. ಕೈಯನ್ನು ಅಲುಗದಂತೆ ಕಟ್ಟಿ ವೈದ್ಯರಿಗೆ ತೋರಿಸಿರಿ. ಬೀಳದೆಯೇ ಬಂದ ನೋವಾದರೂ ಎರಡು ವಾರ ಮೀರಿ ಉಳಿದರೆ, ಹಿಡಿತ ಕಡಿಮೆಯಾದರೆ, ಎಲುಬಿನ ವೈದ್ಯರನ್ನು ಕಾಣಿರಿ. ಬೆಳಗಾವಿಯ ವೈದ್ಯಕೀಯ ಮಹಾವಿದ್ಯಾಲಯಗಳ ದವಾಖಾನೆಗಳು ನಮಗೆ ದೂರವೇನಲ್ಲ.

ನನ್ನ ವಿದ್ಯಾರ್ಥಿಗೆ ಶಸ್ತ್ರಕ್ರಿಯೆಯಾಯಿತು, ಎಲುಬು ಕೂಡಿತು, ಉಳಿ ಮತ್ತೆ ಕೈಗೆ ಬಂದಿತು. ಆದರೆ ಬಲಗೈ ಮೊದಲಿನಷ್ಟು ಹಿಂದಕ್ಕೆ ಬಾಗದು. ಅವನು ಇಂದಿಗೂ ನನಗೆ ಕೈಮುಗಿಯುತ್ತಾನೆ; ಎರಡು ಅಂಗೈಗಳು ಸರಿಯಾಗಿ ಕೂಡುವದಿಲ್ಲ. ಅದನ್ನು ಕಂಡಾಗಲೆಲ್ಲ ನನ್ನ ‘ಹೂಂ, ಉಳುಕೇ’ ಎಂಬ ಮಾತು ನೆನಪಾಗುವದು. ತಾವು ಯಾರಿಗೂ ಆ ಮಾತನ್ನು ಅಷ್ಟು ಸುಲಭವಾಗಿ ಹೇಳದಿರಲೆಂದೇ ಇದನ್ನೆಲ್ಲ ಹೇಳಿದೆನು.